ಓರೆ ಕೂತವರು

ನಮ್ಮ ಅತ್ತಿಗೆ ನೀಲಾವತಿಗೆ ಈ ವರ್ಷ ಪಾಲು ಬಂದದ್ದು ಗೊತ್ತಾದದ್ದು ಒಂದು ಮದುವೆ ಊಟದ ಪಂಕ್ತಿಯಲ್ಲಿ. ಎಲ್ಲರೂ ತಮ್ಮ ತಮ್ಮ ಎಲೆಗೆ ಮುಖ ಮಾಡಿ ಕೂತಿದ್ದರೆ ಅವಳು ಮಾತ್ರ ಮೆಲ್ಲಗೆ ತಿರುಗುತ್ತ ತಿರುಗುತ್ತ, ಪಾಯಸ ಬರುವ ಹೊತ್ತಿಗೆ ಪಕ್ಕದ ಹೆಂಗಸಿನ ಎಲೆಯ ಕಡೆಗೆ ಕೂತಿದ್ದಳು. ಆ ಹೆಂಗಸು ಬೇಸರ ಮಾಡಿಕೊಳ್ಳಲಿಲ್ಲ. ಬಡಿಸುವವರನ್ನು ಕರೆದು, ಇವಳಿಗೆ ಪಾಲು ಬಂದ ಹಾಗೆ ಕಾಣುತ್ತದೆ, ಎಲೆ ಸ್ವಲ್ಪ ತಿರುಗಿಸಿ ಹಾಕಿ ಎಂದಳು ಅಷ್ಟೆ. ನಮ್ಮೂರಲ್ಲಿ ಇದು ದೊಡ್ಡ ಸುದ್ದಿಯಲ್ಲ. ಮಳೆಗಾಲ ಮುಗಿದು ತಿಮಿಂಗಿಲಗಳು ಕೊಲ್ಲಿ ಬಿಟ್ಟು ಹೊರಟ ಮೇಲೆ ಊರಿನ ಕೆಲವರಿಗೆ ಪಾಲು ಬರುತ್ತದೆ. ಒಂದು ತಿಮಿಂಗಿಲಕ್ಕೆ ಒಬ್ಬರು. ಅದು ಸಮುದ್ರದಲ್ಲಿ ಎಲ್ಲಿರುತ್ತದೋ, ಕೂತಾಗ ಇವರ ಮುಖ ಅತ್ತಲೇ ತಿರುಗುತ್ತದೆ. ಅದು ತಿಂದರೆ ಇವರ ಹೊಟ್ಟೆ ತುಂಬುತ್ತದೆ, ಅದು ಉಪವಾಸ ಬಿದ್ದರೆ ಇವರು ಎಷ್ಟು ಉಂಡರೂ ಹಸಿವು ಹೋಗುವುದಿಲ್ಲ. ಅದಕ್ಕೆ ಏನಾದರೂ ಆದರೆ ಇವರಿಗೂ ಆಗುತ್ತದೆ. ಬೇಸಿಗೆ ಕಳೆದು ಅವು ಕೊಲ್ಲಿಗೆ ಮರಳಿದ ದಿನ ಪಾಲು ಇಳಿಯುತ್ತದೆ, ಆಮೇಲೆ ಇವರು ಮತ್ತೆ ಎಲ್ಲರ ಹಾಗೆ.

ಊರು ಇದಕ್ಕೆ ತಕ್ಕಂತೆ ಹೊಂದಿಕೊಂಡಿದೆ. ಬಸ್ಸಿನಲ್ಲಿ ಪಾಲಿನವರಿಗೆಂದೇ ಒಂದು ಸೀಟನ್ನು ಹಿಂದುಮುಂದಾಗಿ ಕೂರಿಸಿದ್ದಾರೆ. ಕ್ಷೌರದ ಅಂಗಡಿಯಲ್ಲಿ ಕುರ್ಚಿ ಇದ್ದಲ್ಲೇ ಇರುತ್ತದೆ, ಕನ್ನಡಿಗೆ ಚಕ್ರ ಹಾಕಿದ್ದಾರೆ. ಪೋಸ್ಟ್‌ಮ್ಯಾನ್ ಸಂಜೀವನಿಗೆ ಈ ವರ್ಷವೂ ಪಾಲು ಬಂದಿದೆ. ಸೈಕಲ್ ಹತ್ತಿ ಕೂತರೆ ಮುಖ ಸಮುದ್ರದ ಕಡೆಗೆ ಹೋಗಿ ಚರಂಡಿಗೆ ಬೀಳುತ್ತೇನೆಂದು ಅವನು ಸೈಕಲ್ ತಳ್ಳಿಕೊಂಡೇ ಕಾಗದ ಹಂಚುತ್ತಾನೆ. ಇನ್ನೊಂದು ಪಾಲು ದೇವಸ್ಥಾನದ ಭಟ್ಟರ ಹೆಂಡತಿಗೆ. ಮಡಿಯುಟ್ಟು ಓಡಾಡುವ ಆ ಹೆಂಗಸು ತೇಗಿದರೆ ಹಸಿ ಸೀಗಡಿಯ ವಾಸನೆ. ಕೇಳಿದವರು ಕೇಳದ ಹಾಗೆ ಬೇರೆ ಮಾತು ತೆಗೆಯುತ್ತಾರೆ, ಭಟ್ಟರು ಎದ್ದು ಕಿಟಕಿ ತೆಗೆಯುತ್ತಾರೆ. ಅಜ್ಜನ ಕಾಲದಲ್ಲಿ ಕೇರಿಗೆ ಇಬ್ಬರು ಮೂವರು ಪಾಲಿನವರು ಇರುತ್ತಿದ್ದರಂತೆ. ಈಗ ಇಡೀ ಊರಿಗೆ ಇವರಿಬ್ಬರು ಮತ್ತು ನಮ್ಮ ಅತ್ತಿಗೆ. ತಿಮಿಂಗಿಲಗಳೇ ಉಳಿದಿಲ್ಲ, ಪಾಲು ಎಲ್ಲಿಂದ ಬರಬೇಕು.

ಉಳಿದವಾದರೂ ಉಳಿಯಲಿ ಎಂದೇ ನಮ್ಮ ಮನೆಯ ಕಸುಬು ಇರುವುದು. ನಮ್ಮಪ್ಪ ದುಗ್ಗಪ್ಪ ಕಂಬ ಹಿಡಿಯುವವರು, ನಾನು ಗೆರೆ ನೋಡುವವಳು. ದೀಪಾವಳಿ ಕಳೆದ ಮೇಲೆ ಪಾಲಿನವರ ಹೊಟ್ಟೆ ತಾನಾಗಿ ತುಂಬತೊಡಗಿದರೆ ಅವರ ತಿಮಿಂಗಿಲ ಮೇವಿನ ಜಾಗ ಸೇರಿತು ಎಂದರ್ಥ. ಆಗ ಅವರನ್ನು ಊರಿನ ತೆಂಕು ತುದಿಯ ದೀಪದ ಗುಡ್ಡಕ್ಕೆ ಕರೆದೊಯ್ದು ಸ್ಟೂಲಿನ ಮೇಲೆ ಕೂರಿಸುತ್ತೇವೆ. ಮುಖ ತಿರುಗಿ ತನ್ನ ದಿಕ್ಕಿಗೆ ನಿಲ್ಲುತ್ತದೆ. ಅಪ್ಪ ಅವರ ಎದುರಿಗೆ ಹೋಗಿ ಕಂಬ ಹಿಡಿದು ನಿಲ್ಲುತ್ತಾರೆ. ನಾನು ಬೆನ್ನ ಹಿಂದೆ ನಿಂತು, ಅವರ ಬೈತಲೆಯ ಗೆರೆಯಲ್ಲಿ ಕಂಬ ನೋಡಿ, ಎಡಕ್ಕೆ, ಇನ್ನೂ ಎಡಕ್ಕೆ, ಸಾಕು ಎನ್ನುತ್ತೇನೆ. ಗಂಡಸರಾದರೆ ನೆತ್ತಿಯ ಮೇಲೆ ಸುಣ್ಣದ ಗೆರೆ ಎಳೆಯಬೇಕು. ಆಮೇಲೆ ಬಡಗು ತುದಿಯ ಹಂಚಿನ ಗುಡ್ಡದಲ್ಲೂ ಇದೇ ಕೆಲಸ. ಮನೆಯಲ್ಲಿ ಒಂದು ಹಲಸಿನ ಹಲಗೆ ಇದೆ, ಅದರ ಮೇಲೆ ಎರಡು ಗುಡ್ಡಕ್ಕೆ ಎರಡು ಮೊಳೆ. ಕಂಬ ನಿಂತ ದಿಕ್ಕಿಗೆ ಒಂದೊಂದು ಮೊಳೆಯಿಂದ ಒಂದೊಂದು ದಾರ ಎಳೆದರೆ ಅವು ಕೂಡುವಲ್ಲಿ ಮೇವಿನ ಜಾಗ. ಬಂದರು ಆಫೀಸಿನ ಫೆಲಿಕ್ಸ್ ಸಾಹೇಬರು ಬಂದು ಹಲಗೆ ನೋಡಿಕೊಂಡು, ಆ ಜಾಗ ತಪ್ಪಿಸಿ ಹೋಗುವ ಹಾಗೆ ಹಡಗುಗಳಿಗೆ ದಾರಿ ಹೇಳುತ್ತಾರೆ. ಹಿಂದೊಮ್ಮೆ ಮೀನಿನ ವ್ಯಾಪಾರಿಗಳು ತಮಗೆ ಬೇಕಾದ ಹಾಗೆ ಗೆರೆ ಎಳೆಸಿದ ಮೇಲೆ, ಅಪ್ಪನ ಕೈಯ ಕಂಬ ಬಿಟ್ಟು ಬೇರೆ ಯಾರ ಕಂಬವನ್ನೂ ಆಫೀಸು ಒಪ್ಪುವುದಿಲ್ಲ.

ನನ್ನ ಹೆಸರು ಚಂಚಲಾಕ್ಷಿ. ಹೆಸರಿಟ್ಟವರಿಗೆ ಮುಂದಿನದು ಗೊತ್ತಿತ್ತೋ ಏನೋ. ಬಾಗಿಲಿಗೆ ಚಿಲಕ ಹಾಕಿದ ಮೇಲೆ ಎಳೆದು ನೋಡುತ್ತೇನೆ, ರಸ್ತೆಯ ತಿರುವಿನವರೆಗೆ ಹೋಗಿ ಮತ್ತೆ ಬಂದು ಎಳೆದು ನೋಡುತ್ತೇನೆ. ಅಣ್ಣ ವಾಮನ ಬಂದರಿನ ದೋಣಿಯಲ್ಲಿ ಇಂಜಿನ್ ನೋಡಿಕೊಳ್ಳುತ್ತಾನೆ. ಅವನು ಬರುವುದು ಸ್ವಲ್ಪ ತಡವಾದರೆ ನಾನು ಅವನ ತಿಥಿಯ ಅಡುಗೆಗೆ ಏನೇನು ಎನ್ನುವವರೆಗೆ ಯೋಚಿಸಿಬಿಡುತ್ತೇನೆ ಎಂದು ಅತ್ತಿಗೆ ನಗುತ್ತಾಳೆ. ನಗಲಿ. ಹೆದರಿದ್ದು ಒಂದು ಸಲ ನಿಜವಾಗಿಬಿಟ್ಟರೆ ಆಮೇಲೆ ಹೆದರಿಕೆ ಮೈ ಬಿಟ್ಟು ಹೋಗುವುದಿಲ್ಲ.

ನಮ್ಮವರು ರಾಮದಾಸ, ಟೈಲರ್. ಮದುವೆಯಾಗಿ ನಮ್ಮ ಮನೆಗೇ ಬಂದ ಮನೆಯಳಿಯ. ಕೆಲವು ವರ್ಷಗಳ ಹಿಂದೆ ಅವರಿಗೆ ಪಾಲು ಬಂದಿತ್ತು. ಪಾಲಿನ ವರ್ಷ ಅವರು ತುಂಬ ಖುಷಿಯಲ್ಲಿದ್ದರು, ಊಟದ ಖರ್ಚಿಲ್ಲದ ಅಳಿಯ ಯಾರಿಗೆ ಸಿಗುತ್ತಾನೆ ಎಂದು ನನ್ನನ್ನು ಕೆಣಕುತ್ತಿದ್ದರು. ಒಂದು ಮಧ್ಯಾಹ್ನ ಶಾಲೆಯ ನೀಲಿ ಅಂಗಿಗೆ ಕಾಲರ್ ಹೊಲಿಯುತ್ತಿದ್ದವರು ಹೊಲಿಗೆಯನ್ನು ಅರ್ಧಕ್ಕೆ ಬಿಟ್ಟು ಮಷಿನಿನ ಮೇಲೆ ಬಿದ್ದರು. ಅದೇ ಹೊತ್ತಿಗೆ ದೂರದ ನೀರಿನಲ್ಲಿ ಒಂದು ಹಡಗು ಅವರ ತಿಮಿಂಗಿಲಕ್ಕೆ ಬಡಿದಿತ್ತು. ಹಲಗೆಯ ಮೇಲೆ ದಾರ ಸರಿಯಾಗಿತ್ತು, ಹಡಗೂ ಹೇಳಿದ ದಾರಿಯಲ್ಲೇ ಹೋಗಿತ್ತು. ತಿಮಿಂಗಿಲವೇ ಮೇವಿನ ಜಾಗ ಬಿಟ್ಟು ಅಡ್ಡ ಬಂದಿದೆ ಎಂದು ಅಪ್ಪ ಹೇಳಿದರು, ಊರೆಲ್ಲ ಹೌದೆಂದಿತು. ಅಂದಿನಿಂದ ಆ ಪ್ರಾಣಿಯ ಮೇಲೆ ನನಗೆ ಸಿಟ್ಟು. ಬಾಯಿ ತೆರೆದರೆ ಮೇವು ಬೀಳುವ ಜಾಗ ಬಿಟ್ಟು ಅದಕ್ಕೆ ಎಲ್ಲಿಗೆ ಹೋಗಬೇಕಿತ್ತು. ಸತ್ತದ್ದನ್ನು ಬೈಯಬಾರದು ಎನ್ನುತ್ತಾರೆ, ನಾನು ಬೈಯುತ್ತಲೇ ಇದ್ದೆ.

ಹಾಗಾಗಿ ಅತ್ತಿಗೆಗೆ ಪಾಲು ಬಂತೆಂದು ಕೇಳಿದ ರಾತ್ರಿ ನಾನು ಎಷ್ಟೋ ಸಲ ಎದ್ದು ಚಿಲಕ ಎಳೆದು ನೋಡಿದೆ. ನೀಲಾವತಿ ನನಗಿಂತ ಸ್ವಲ್ಪ ದೊಡ್ಡವಳು, ಗಟ್ಟಿ ಹೆಂಗಸು, ನಗುವಾಗ ಸೆರಗು ಬಾಯಿಗೆ ಅಡ್ಡ ಹಿಡಿಯದವಳು. ನಮ್ಮವರು ಹೋದ ಮೇಲೆ ಎಷ್ಟೋ ತಿಂಗಳು ನನಗೆ ತುತ್ತು ಮಾಡಿ ಉಣ್ಣಿಸಿದವಳು ಅವಳೇ. ಊರಿನ ರೂಢಿಯಲ್ಲಿ ಮಾತ್ರ ಅವಳು ಬಹಳ ಬಿಗಿ. ನಮ್ಮಲ್ಲಿ ಮದುವೆಯಾಗಿ ಮನೆಗೆ ಬಂದವರು, ಸೊಸೆಯಾಗಲಿ ಅಳಿಯನಾಗಲಿ, ಮನೆಯ ಹಿರಿಯನ ಎದುರು ನೇರ ಮುಖ ಕೊಟ್ಟು ಕೂರುವುದಿಲ್ಲ. ಸ್ವಲ್ಪ ಓರೆಯಾಗಿ ಕೂರುತ್ತಾರೆ. ಮದುವೆಯ ದಿನವೇ ಮಣೆಯನ್ನು ಓರೆ ಹಾಕಿ ಕೂರಿಸಿ ಕಲಿಸುತ್ತಾರೆ. ಮನೆಯಲ್ಲೇ ಹುಟ್ಟಿದ ಮಕ್ಕಳಿಗೆ ಈ ಕಟ್ಟುಪಾಡಿಲ್ಲ, ನಾನು ಅಪ್ಪನ ಮುಖಕ್ಕೆ ಮುಖ ಕೊಟ್ಟು ಜಗಳ ಆಡುತ್ತೇನೆ. ಅತ್ತಿಗೆ ಮಾತ್ರ ಬಂದಾಗಿನಿಂದ ಅಪ್ಪನ ಬಲಗಿವಿಯನ್ನಷ್ಟೇ ನೋಡಿದ್ದಾಳೆ ಎಂದು ಅಣ್ಣ ತಮಾಷೆ ಮಾಡುತ್ತಾನೆ.

ದೀಪಾವಳಿ ಮುಗಿದು ಅವಳಿಗೆ ಅನ್ನದ ಆಸೆ ನಿಂತಿತು, ಮುಖ ತುಂಬಿಕೊಂಡು ಬಂತು, ತೇಗು ಶುರುವಾಯಿತು. ಎರಡು ಗುಡ್ಡದಲ್ಲೂ ಗೆರೆ ತೆಗೆದೆವು. ಅಪ್ಪ ಕಂಬ ಹಿಡಿದರು, ನಾನು ನೋಡಿದೆ. ದಾರ ಕೂಡಿದ ಜಾಗಕ್ಕೆ ಫೆಲಿಕ್ಸ್ ಸಾಹೇಬರು ತಲೆದೂಗಿ ಹಡಗಿನ ದಾರಿ ಬದಲಿಸಿದರು. ಅವತ್ತು ಮನೆಗೆ ಬಂದ ಮೇಲೆ ಅತ್ತಿಗೆ ಕುತ್ತಿಗೆ ಹಿಡಿದುಕೊಂಡು ಕೂತಳು, ತುಂಬ ನೋಯುತ್ತಿದೆ ಎಂದಳು. ಮುಲಾಮು ತಿಕ್ಕಿದೆ. ನಮ್ಮವರಿಗೂ ಗೆರೆ ತೆಗೆದ ದಿನ ಹೀಗೇ ಆಗಿತ್ತು, ಆಗಲೂ ನಾನೇ ತಿಕ್ಕಿದ್ದೆ. ಪಾಲು ಬಂದವರಿಗೆ ಅದೊಂದು ಕಷ್ಟ ಇರುತ್ತದೇನೋ ಎಂದುಕೊಂಡು ಡಬ್ಬಿಯ ಮುಚ್ಚಳ ಹಾಕಿದೆ.

ಕೆಲವೇ ದಿನಗಳಲ್ಲಿ ತೇಗು ನಿಂತಿತು. ಎದೆಯೊಳಗೆ ಹಿಟ್ಟಿನ ಮಿಲ್ಲು ಓಡಿದ ಹಾಗೆ ಆಗುತ್ತದೆ ಎಂದು ಅತ್ತಿಗೆ ಹೇಳತೊಡಗಿದಳು. ಬರುತ್ತದೆ, ಜೋರಾಗುತ್ತದೆ, ಹೋಗುತ್ತದೆ, ಮತ್ತೆ ಇನ್ನೊಂದು ಬರುತ್ತದೆ. ಆ ಮಿಲ್ಲು ಓಡುವಾಗ ಉಸಿರು ಕಟ್ಟಿ ಆಳಕ್ಕೆ ಹೋದ ಹಾಗೆ ಆಗುತ್ತದಂತೆ. ಊಟ ಮಾಡಿದರೆ ಹಸಿವು ಹೋಗದು, ಮಾಡದಿದ್ದರೆ ತಲೆ ತಿರುಗುತ್ತದೆ. ಕೊನೆಗೆ ನೀರೂ ನಿಲ್ಲದಾಯಿತು. ಡಾಕ್ಟರು ಗ್ಯಾಸ್ ಎಂದು ಮಾತ್ರೆ ಕೊಟ್ಟರು, ಪಾಲಿನವರ ವಿಷಯ ನನಗೆ ತಿಳಿಯದು ಎಂದೂ ಹೇಳಿದರು. ಸಂಜೀವ ಮತ್ತು ಭಟ್ಟರ ಹೆಂಡತಿ ಇಬ್ಬರೂ ಕೆನ್ನೆ ತುಂಬಿಕೊಂಡು ಓಡಾಡುವುದನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು. ಇವಳ ತಿಮಿಂಗಿಲವೂ ಜಾಗ ಬಿಟ್ಟು ಹೊರಟಿದೆ, ನಮ್ಮವರದರ ಹಾಗೆ ಹಡಗಿಗೆ ಅಡ್ಡ ಹೋಗುತ್ತದೆ ಎಂದು ನಾನು ಮನೆಯೆಲ್ಲ ಒಂದು ಮಾಡಿದೆ. ಅಪ್ಪ ಎರಡನೇ ಸಲ ಗೆರೆ ತೆಗೆಯೋಣ ಎಂದರು. ಅತ್ತಿಗೆಯನ್ನು ಮತ್ತೆ ಎರಡೂ ಗುಡ್ಡ ಹತ್ತಿಸಿದೆವು. ದಾರ ಕೂದಲೆಳೆಯಷ್ಟೂ ಕದಲದೆ ಮೊದಲಿನ ಜಾಗದಲ್ಲೇ ಕೂಡಿತು. ಕಂಬ ಅಲ್ಲೇ ಉಂಟು, ಜಾಗ ಬಿಟ್ಟಿಲ್ಲ, ಹೆದರಬೇಡಿ ಎಂದು ಅಪ್ಪ ಸಮಾಧಾನ ಹೇಳಿದರು. ನನಗೆ ಹೆದರಿಕೆ ಹೆಚ್ಚಾಯಿತು. ಜಾಗವೂ ಸರಿ, ದಾರಿಯೂ ಸರಿ ಎಂದಾದರೆ ಇವಳ ಎದೆಯಲ್ಲಿ ಓಡುವ ಮಿಲ್ಲು ಯಾವುದು.

ಮರುದಿನ ಮಧ್ಯಾಹ್ನ ಅತ್ತಿಗೆಯನ್ನು ಮನೆಯ ಚಾವಡಿಯಲ್ಲಿ ದಿಂಬಿಗೆ ಒರಗಿಸಿ ಕೂರಿಸಿದ್ದೆ. ಎದುರಿಗೆ ಸಮುದ್ರದ ಕಡೆಯ ಬಾಗಿಲು, ಅದರ ಪಕ್ಕ ಸರಳಿನ ಕಿಟಕಿ. ಅವಳ ಮುಖ ಕಿಟಕಿಯ ಕಡೆಗಿತ್ತು. ನಾನು ಹಿಂದೆ ಕೂತು ಬೀಸಣಿಗೆ ಬೀಸುತ್ತಿದ್ದೆ. ಹಾಳು ಅಭ್ಯಾಸ, ಬೈತಲೆ ಕಂಡರೆ ನನ್ನ ಕಣ್ಣು ಗೆರೆ ಹಿಡಿಯುತ್ತದೆ. ಅವಳ ಬೈತಲೆ ಕಿಟಕಿಯ ನಡುವಿನ ಸರಳಿಗೆ ಸರಿಯಾಗಿ ಕೂತಿತ್ತು. ಅಷ್ಟರಲ್ಲಿ ಅಪ್ಪ ಎದುರಿನ ಬಾಗಿಲಲ್ಲಿ ಬಂದು ನಿಂತು, ಹೇಗಿದ್ದಾಳೆ ಎಂದು ನನ್ನನ್ನು ಕೇಳಿದರು. ಅತ್ತಿಗೆಗೆ ಕಣ್ಣು ತೆರೆಯುವ ತ್ರಾಣವೂ ಇರಲಿಲ್ಲ. ಆದರೂ ಕೈ ಸೆರಗನ್ನು ಹುಡುಕಿತು, ಬೈತಲೆ ನಡುವಿನ ಸರಳು ಬಿಟ್ಟು ಪಕ್ಕದ ಸರಳಿಗೆ ಸರಿಯಿತು. ಅಪ್ಪ ಹೋದರು. ಬೈತಲೆ ಮೆಲ್ಲಗೆ ನಡುವಿನ ಸರಳಿಗೆ ಮರಳಿತು.

ನನ್ನ ಕೈಯ ಬೀಸಣಿಗೆ ನಿಂತುಹೋಯಿತು. ಅಪ್ಪನನ್ನು ಕೂಗಿ ಕರೆದೆ. ಬಂದರು, ಬೈತಲೆ ಸರಿಯಿತು. ಹೊರಗೆ ಹೋಗಿ ಎಂದೆ. ಹೋದರು, ಮರಳಿತು. ಮತ್ತೆ ಕರೆದೆ. ಇದೇನು ಆಟ ಎಂದು ಅಪ್ಪನಿಗೆ ಸಿಟ್ಟು ಬಂತು. ಗುಡ್ಡದ ಮೇಲೆ ಅಪ್ಪ ಎದುರು ನಿಂತಾಗ ಅವಳು ನೇರ ಕೂತಿರಲಿಲ್ಲ, ಓರೆ ಕೂತಿದ್ದಳು, ನಾವು ತಿಮಿಂಗಿಲದ ದಿಕ್ಕು ತೆಗೆಯದೆ ಸೊಸೆಯ ಮರ್ಯಾದೆಯ ದಿಕ್ಕು ತೆಗೆದಿದ್ದೇವೆ ಎಂದು ಹೇಳಿದೆ. ಗುಡ್ಡದ ಮೇಲೆ ಒಂದು ಬೆರಳು ತಪ್ಪಿದರೆ ನೀರಿನ ಮೇಲೆ ಒಂದು ಊರು ದಾಟಿದಷ್ಟು ತಪ್ಪುತ್ತದೆ. ಅತ್ತಿಗೆ ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದಳು.

"ನಾನು ತಿರುಗಿಸ್ಲಿಲ್ಲ ಚಂಚಲ," ಅಂದಳು. "ಮಾವ ಎದುರು ಬಂದ್ರೆ ಅದೇ ತಿರುಗ್ತದೆ. ಈ ಕಡೆ ಅದು ಎಳೀತದೆ, ಆ ಕಡೆ ಇದು ಎಳೀತದೆ. ಅದಕ್ಕೇ ಕುತ್ತಿಗೆ ಆ ನಮೂನೆ ನೋಯುದು."

ಅಪ್ಪ ಹೊಸ್ತಿಲ ಮೇಲೆಯೇ ಕೂತುಬಿಟ್ಟರು. ಹಾಗಾದರೆ, ಎಂದು ಶುರು ಮಾಡಿ ನಿಲ್ಲಿಸಿದರು. ಆಮೇಲೆ, ನನ್ನ ಕಂಬ ಯಾವತ್ತೂ ತಪ್ಪಿದ್ದಿಲ್ಲ, ಇಲ್ಲದ್ದು ಹೇಳಬೇಡ ಎಂದು ನನಗೇ ಗದರಿದರು. ಜೀವಮಾನದ ಕಸುಬಿನ ಮೇಲೆ ಮಾತು ಬಂತೆಂದು ಅವರಿಗೆ ನೋವಾಗಿದೆ ಎಂದುಕೊಂಡೆ. ಸಮಾಧಾನ ಮಾಡುತ್ತ ಕೂರಲು ನನಗೆ ಪುರುಸೊತ್ತಿರಲಿಲ್ಲ. ಚಪ್ಪಲಿ ಹಾಕದೆ ಬಂದರು ಆಫೀಸಿಗೆ ಓಡಿದೆ, ಆವತ್ತು ಬಾಗಿಲ ಚಿಲಕ ಎಳೆದು ನೋಡಲಿಲ್ಲ.

ಫೆಲಿಕ್ಸ್ ಸಾಹೇಬರು ಪೂರ್ತಿ ಕೇಳಿಸಿಕೊಂಡರು. ಅವರು ನಗದಿದ್ದದ್ದೇ ನನ್ನ ಪುಣ್ಯ. ತೆಂಕಿನಿಂದ ಸಕ್ಕರೆ ತುಂಬಿದ ಒಂದು ದೊಡ್ಡ ಹಡಗು ಬರುತ್ತಿದೆ, ಸಂಜೆಯೊಳಗೆ ಆ ನೀರು ದಾಟುತ್ತದೆ ಎಂದರು. ಹಾಗೆಂದು ಬರೀ ಮಾತಿನ ಮೇಲೆ ಅದನ್ನು ತಿರುಗಿಸುವ ಹಾಗಿಲ್ಲ, ಯಾವ ಕಡೆಗೆ ತಿರುಗಿಸಬೇಕೆಂದೂ ಗೊತ್ತಿಲ್ಲ, ಒಂದು ಕ್ಷಣದ ಗಾಬರಿಯಲ್ಲಿ ಇನ್ನಿಬ್ಬರ ಮೇವಿನ ಜಾಗಕ್ಕೆ ನುಗ್ಗಿಸಿದಂತಾದೀತು. ಹೊಸ ಗೆರೆ ಬೇಕು, ಅದೂ ದುಗ್ಗಪ್ಪಣ್ಣನ ಕಂಬದಲ್ಲೇ ಬೇಕು. ಇಷ್ಟು ಹೇಳಿ ತಾವೇ ಜೀಪಿನ ಕೀಲಿ ತೆಗೆದುಕೊಂಡರು. ಮನೆಗೆ ಬಂದರೆ ಅಪ್ಪ ಆಗಲೇ ಕಂಬ ಹಿಡಿದು ಅಂಗಳದಲ್ಲಿ ನಿಂತಿದ್ದರು. ಅತ್ತಿಗೆಯನ್ನು ಕುರ್ಚಿ ಸಮೇತ ಜೀಪಿಗೆ ಏರಿಸಿದೆವು, ಹಲಗೆಯನ್ನೂ ಇಟ್ಟುಕೊಂಡೆವು. ದಾರಿಯಲ್ಲಿ ಸಿಕ್ಕ ಸಂಜೀವ ಸೈಕಲ್ಲನ್ನು ಬೇಲಿಗೆ ಒರಗಿಸಿ ಹತ್ತಿಕೊಂಡ. ಗುಡ್ಡದ ಕಾಲುದಾರಿಯಲ್ಲಿ ಅವನೂ ಸಾಹೇಬರೂ ಕುರ್ಚಿ ಹೊತ್ತರು. ಮಿಲ್ಲು ಶುರುವಾಗಿದೆ, ಇದು ದೊಡ್ಡದು ಎಂದು ಅತ್ತಿಗೆ ಮೆಲ್ಲಗೆ ಹೇಳಿದಳು.

ದೀಪದ ಗುಡ್ಡದ ಮೇಲೆ ಗಾಳಿ ಜೋರಾಗಿತ್ತು, ಬಿಸಿಲಿಗೆ ಸಮುದ್ರ ಕಣ್ಣು ಚುಚ್ಚುತ್ತಿತ್ತು. ಅಪ್ಪ ಎದುರಿಗೆ ಹೋಗಿ ಕಂಬ ಹಿಡಿದರು. ಅತ್ತಿಗೆ, ನೇರ ನೋಡು ಎಂದೆ. ನೋಡುತ್ತಲೇ ಇದ್ದೇನೆ ಎಂದಳು. ನೋಡುತ್ತಿರಲಿಲ್ಲ, ಕುತ್ತಿಗೆಯ ನರ ಹಗ್ಗದ ಹಾಗೆ ಬಿಗಿದು ನಿಂತದ್ದು ನನಗೆ ಹಿಂದಿನಿಂದ ಕಾಣುತ್ತಿತ್ತು. ಕಣ್ಣು ಮುಚ್ಚಿಕೊಳ್ಳಿ ಎಂದು ಅಪ್ಪನಿಗೆ ಹೇಳಿದೆ. ಮುಚ್ಚಿಕೊಂಡರು, ಏನೂ ಉಪಯೋಗವಾಗಲಿಲ್ಲ. ಬೆನ್ನು ತಿರುಗಿಸಿ ನಿಂತರು. ಆಗ ಅವಳು ಮಾವನಿಗೆ ತನ್ನಿಂದ ಬೇಸರವಾಯಿತೆಂದು ತಿಳಿದು ಕುರ್ಚಿ ಹಿಡಿದು ಏಳಲು ನೋಡಿದಳು. ಅವಳ ತುಟಿ ನೀಲಿಯಾಗುತ್ತಿತ್ತು. ಆ ನೀಲಿ ನನಗೆ ಗೊತ್ತು, ಅದು ಮಷಿನಿನ ಮೇಲೆ ಕೆನ್ನೆ ಇಟ್ಟು ಮಲಗಿದ್ದ ಮುಖದಲ್ಲಿತ್ತು. ನನಗೆ ಅಳು ಬಂತು, ಇವಳನ್ನೂ ಕಳೆದುಕೊಂಡರೆ ನಾನು ಬದುಕುವುದಿಲ್ಲ ಎಂದು ಎಲ್ಲರ ಎದುರು ಹೇಳಿಬಿಟ್ಟೆ.

ಅಪ್ಪ ಕಂಬವನ್ನು ತೋಳಿಗೆ ಒರಗಿಸಿಕೊಂಡು ಎರಡೂ ಕೈ ಎತ್ತಿ ತಲೆಯ ರುಮಾಲು ಬಿಚ್ಚಿದರು. ನಮ್ಮೂರಲ್ಲಿ ರುಮಾಲೆಂದರೆ ಮನೆಯ ಹಿರಿತನ. ಅದನ್ನು ನಾಲ್ಕು ಜನರ ಎದುರು ಹಗಲಿನಲ್ಲಿ ತೆಗೆಯುವುದು ಆ ಹಿರಿತನ ಬಿಟ್ಟುಕೊಡುವಾಗ ಮಾತ್ರ. ಸಂಜೀವ ತಲೆ ತಗ್ಗಿಸಿದ. ಅಪ್ಪ ನನ್ನ ಹತ್ತಿರ ಬಂದು ರುಮಾಲನ್ನು ನನ್ನ ಕೈಗೆ ಕೊಟ್ಟು ಮತ್ತೆ ಹೋಗಿ ಎದುರು ನಿಂತರು. ಅವರ ತಲೆ ಅಷ್ಟು ಚಿಕ್ಕದಿದೆ ಎಂದು ನನಗೆ ಗೊತ್ತಿರಲಿಲ್ಲ.

"ನೀಲಾ," ಅಂದರು, "ಈಗ ನಾನು ಯಾರ ಮಾವನೂ ಅಲ್ಲ. ಕಂಬ ಹಿಡಿಯುವ ಒಬ್ಬ ಮುದುಕ. ನೋಡು ಮಗಳೇ, ನನ್ನ ಮುಖವನ್ನೇ ನೋಡು."

ನರ ಸಡಿಲವಾಯಿತು. ಬೈತಲೆ ತಿರುಗಿತು, ನಿಧಾನವಾಗಿ, ಬಾಗಿಲು ತಾನಾಗಿ ತೆರೆದುಕೊಳ್ಳುವ ಹಾಗೆ, ಅಪ್ಪನ ಮೇಲೆ ಬಂದು ಅವರನ್ನು ದಾಟಿ ಸ್ವಲ್ಪ ಎಡಕ್ಕೆ ಹೋಗಿ ನಿಂತಿತು. ಅಪ್ಪ ಕಂಬ ಸರಿಸಿದರು. ಎಡಕ್ಕೆ ಎಂದೆ, ಇನ್ನೂ ಎಡಕ್ಕೆ ಎಂದೆ, ಕಣ್ಣೀರು ಒರೆಸಿಕೊಂಡು ಮತ್ತೊಮ್ಮೆ ನೋಡಿ ಸಾಕು ಎಂದೆ. ಅತ್ತಿಗೆ ಅಪ್ಪನ ಮುಖದಿಂದ ಕಣ್ಣು ತೆಗೆಯಲಿಲ್ಲ. ಇಷ್ಟು ವರ್ಷವಾದ ಮೇಲೆ ಅವಳ ಬಾಯಿಂದ ಬಂದ ಮಾತು, ಮಾವ, ನೀವು ಥೇಟ್ ಇವರ ಹಾಗೇ ಇದ್ದೀರಲ್ಲ ಎಂದು. ಮಗನಿಗೆ ಅಪ್ಪನ ಮುಖ ಬಂದದ್ದು ಊರಿಗೆಲ್ಲ ಗೊತ್ತಿತ್ತು, ಅವಳಿಗೆ ಮಾತ್ರ ಅವತ್ತು ಗೊತ್ತಾಯಿತು.

ಹಂಚಿನ ಗುಡ್ಡದಲ್ಲೂ ಅಪ್ಪ ಬರಿತಲೆಯಲ್ಲೇ ನಿಂತರು. ಜೀಪಿನ ಬಾನೆಟ್ಟಿನ ಮೇಲೆ ಹಲಗೆ ಇಟ್ಟು ದಾರ ಎಳೆದೆವು. ಹಳೆಯ ದಾರ ಕೂಡಿದ್ದ ಜಾಗ ಎಲ್ಲಿಯೋ ಉಳಿಯಿತು. ಹೊಸ ದಾರ ಕೂಡಿದ್ದು ನಾವೇ ಹಡಗುಗಳಿಗೆ ಹಾಕಿಕೊಟ್ಟ ದಾರಿಯ ನಟ್ಟನಡುವೆ. ಸಾಹೇಬರು ಅದನ್ನು ನೋಡಿದವರೇ ಜೀಪು ಹತ್ತಿದರು. ಆಫೀಸಿನ ವೈರ್‌ಲೆಸ್ ಕೋಣೆಯ ಹೊರಗೆ ನಾವು ಬೆಂಚಿನ ಮೇಲೆ ಕೂತೆವು. ಒಳಗೆ ಹಡಗಿನ ಕ್ಯಾಪ್ಟನ್ ವಾದ ಮಾಡುತ್ತಿದ್ದ, ಮೊನ್ನೆ ಒಂದು ದಾರಿ ಹೇಳಿದಿರಿ, ಇವತ್ತು ಇನ್ನೊಂದು ಹೇಳುತ್ತೀರಿ ಎಂದು. ಸಾಹೇಬರು ಕೂಗದೆ, ಬೇಡದೆ, ಅದನ್ನೇ ತಿರುಗಿ ತಿರುಗಿ ಹೇಳುತ್ತಿದ್ದರು. ಅತ್ತಿಗೆ ನನ್ನ ಮಣಿಕಟ್ಟು ಹಿಡಿದಿದ್ದಳು. ಅವಳ ಎದೆಯ ನಡುಕ ನನ್ನ ಕೈಗೂ ಬರುತ್ತಿತ್ತು, ಅವಳ ಬಳೆಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಒಂದು ಹೊತ್ತಿನಲ್ಲಿ ಆ ಸದ್ದು ಎಷ್ಟು ಜೋರಾಯಿತೆಂದರೆ ಸಂಜೀವ ಎದ್ದು ದೂರ ಹೋಗಿ ನಿಂತ. ನಾನು ಕಣ್ಣು ಮುಚ್ಚಿಕೊಂಡು ಆ ಗುರುತಿಲ್ಲದ ತಿಮಿಂಗಿಲಕ್ಕೆ, ಹೋಗು, ಕೆಳಗೆ ಹೋಗು ಎಂದು ಹೇಳುತ್ತಿದ್ದೆ. ಆಮೇಲೆ ಬಳೆಗಳ ಸದ್ದು ಕಡಿಮೆಯಾಯಿತು. ಕಡಿಮೆಯಾಗುತ್ತ ಬಂದು ನಿಂತಿತು. ಮಿಲ್ಲು ದೂರ ಹೋಯಿತು ಎಂದು ಅತ್ತಿಗೆ ಹೇಳಿ ನನ್ನ ಹೆಗಲಿಗೆ ಒರಗಿದಳು.

ಮರುದಿನ ಬೆಳಿಗ್ಗೆ ಅಣ್ಣ ದೋಣಿಯಿಂದ ಬಂದು ಎಲ್ಲ ಕೇಳಿ ಅತ್ತಿಗೆಯ ಪಕ್ಕದಲ್ಲಿ ಕೂತಿದ್ದ. ಅವಳು ಏನೋ ಹೇಳಲು ಬಾಯಿ ತೆರೆದು, ಹೇಳದೆ, ದೊಡ್ಡದಾಗಿ ತೇಗಿದಳು. ಮನೆಯೆಲ್ಲ ಹಸಿ ಸೀಗಡಿಯ ವಾಸನೆ. ಅಣ್ಣ ಅತ್ತುಬಿಟ್ಟ, ಅತ್ತಿಗೆ ನಕ್ಕಳು. ಭಟ್ಟರಾಗಿದ್ದರೆ ಕಿಟಕಿ ತೆಗೆಯುತ್ತಿದ್ದರು, ನಾನು ತೆರೆದಿದ್ದ ಕಿಟಕಿಯನ್ನೂ ಮುಚ್ಚಿದೆ. ಎಷ್ಟೋ ದಿನಗಳ ಮೇಲೆ ನನಗೂ ಹಸಿವಾಯಿತು, ಗಂಜಿ ಬಡಿಸಿಕೊಂಡು ಎರಡು ಸಲ ಉಂಡೆ.

ಊಟವಾದ ಮೇಲೆ ಚಾವಡಿ ಗುಡಿಸುವಾಗ ದಿಂಬಿನ ಪಕ್ಕದಲ್ಲಿ ಮುಲಾಮಿನ ಡಬ್ಬಿ ಸಿಕ್ಕಿತು. ಇನ್ನು ಇವಳ ಕುತ್ತಿಗೆ ನೋಯುವುದಿಲ್ಲ ಎಂದುಕೊಂಡು ಅದನ್ನು ಗೂಡಿನಲ್ಲಿಡಲು ಹೋದೆ. ಹೋದವಳು ಅಲ್ಲೇ ನಿಂತೆ. ಮುಚ್ಚಳದ ವಾಸನೆಯ ಜೊತೆಗೆ ಇನ್ನೊಂದು ಕುತ್ತಿಗೆ ನನ್ನ ಬೆರಳಿಗೆ ನೆನಪಾಯಿತು. ಹೊಲಿಗೆಗೆ ಬಗ್ಗಿ ಬಗ್ಗಿ ಗಟ್ಟಿಯಾದ ಕುತ್ತಿಗೆ, ನೆತ್ತಿಯ ಮೇಲೆ ಇನ್ನೂ ಅಳಿಸದ ಸುಣ್ಣದ ಗೆರೆ. ಆ ಗೆರೆಯನ್ನು ಎಳೆದವಳು ನಾನು, ಅದರ ಹಿಂದೆ ನಿಂತು ಸಾಕು ಎಂದವಳು ನಾನು. ಅವರ ಎದುರು ಕಂಬ ಹಿಡಿದು ನಿಂತಿದ್ದವರು ಅವರ ಮಾವ. ಅಷ್ಟು ವರ್ಷ ಬೈದೆನಲ್ಲ, ಆ ಪ್ರಾಣಿ ಎಲ್ಲಿಗೂ ಹೋಗಿರಲಿಲ್ಲ. ಅದು ತನ್ನ ಜಾಗದಲ್ಲೇ ಹೊಟ್ಟೆ ತುಂಬ ಮೇಯುತ್ತ ಇತ್ತು. ಹಡಗನ್ನು ಅದರ ಮೇಲೆ ಕಳಿಸಿದವರು ನಾವು.

ಅಷ್ಟರಲ್ಲಿ ಜಗಲಿಯಿಂದ ಅಪ್ಪ ಕರೆದರು. ಹೋಗಿ ಎದುರಿನ ಮಣೆಯ ಮೇಲೆ ಕೂತೆ. ನಿನ್ನೆ ನಾನು ಮರಳಿಸಿದ ರುಮಾಲನ್ನು ಅಪ್ಪ ಇನ್ನೂ ಸುತ್ತಿರಲಿಲ್ಲ, ಅದು ಮಡಿಲಲ್ಲಿ ಬಿದ್ದಿತ್ತು. ಕಣ್ಣು ಕೆಂಪಾಗಿತ್ತು, ಮಲಗಿದವರ ಹಾಗೆ ಕಾಣಲಿಲ್ಲ. ನಿನ್ನೆ ಹೊಸ್ತಿಲ ಮೇಲೆ ಅವರು ಅರ್ಧಕ್ಕೆ ನಿಲ್ಲಿಸಿದ ಮಾತು ಯಾವುದೆಂದು ನನಗೆ ಆಗ ತಿಳಿಯಿತು.

"ಚಂಚಲಾ," ಅಂದರು. "ಗೆರೆ ತೆಗೆದ ದಿನ ರಾಮದಾಸನಿಗೂ ಕುತ್ತಿಗೆ ನೋವು ಬಂದಿತ್ತಾ?"

ಅವರ ಬೋಳು ತಲೆಯ ಮೇಲೆ ಬೆಳಗಿನ ಬಿಸಿಲು ಬಿದ್ದಿತ್ತು. ಅವರ ಮೇಲೆ ನನಗೆ ಎಷ್ಟು ಸಿಟ್ಟು ಬರಬೇಕಿತ್ತೋ ಅಷ್ಟೇ ಮಮತೆ ಉಕ್ಕಿ ಬಂತು.

"ಇಲ್ಲಪ್ಪ," ಎಂದೆ. "ಅವರಿಗೆ ಎಂತದೂ ಇರ್ಲಿಲ್ಲ. ಆರಾಮಾಗೇ ಇದ್ರು."

ಅಪ್ಪ ನನ್ನನ್ನು ನೋಡಿದರು. ಮುಖವನ್ನು ನೋಡಲಿಲ್ಲ. ಕಂಬ ಊರುವ ಮೊದಲು ಪಾಲಿನವರನ್ನು ಹೇಗೆ ನೋಡುತ್ತಾರೋ ಹಾಗೆ, ಮೊಣಕಾಲು, ಹೆಗಲು, ಬೈತಲೆ, ಒಂದೊಂದಾಗಿ ನೋಡಿದರು. ಅವರ ಕಣ್ಣು ಹೋದ ಕಡೆ ನನ್ನ ಕಣ್ಣೂ ಹೋಯಿತು. ಹುಟ್ಟಿದಂದಿನಿಂದ ಅಪ್ಪನಿಗೆ ಮುಖ ಕೊಟ್ಟು ಕೂತ ಮನೆಮಗಳು ನಾನು, ಆ ಒಂದು ಸುಳ್ಳಿಗೆ ಓರೆ ತಿರುಗಿ ಕೂತಿದ್ದೆ. ಅಪ್ಪ ಮಡಿಲಲ್ಲಿದ್ದ ರುಮಾಲನ್ನು ಎತ್ತಿ, ಸುತ್ತಿಕೊಳ್ಳದೆ, ಮಡಚತೊಡಗಿದರು.